ಕಸಿನ್ ಬ್ರದರ್ ಅನ್ನುವ ಪದವಿಲ್ಲ

ಮಹತಿ ಕೆಲಸ ಸಿಕ್ಕಿ ಮೈಸೂರಿನಿಂದ ಕೊಚ್ಚಿಗೆ ಬಂದಾಗ ಕಲೂರಿನಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಕಮಲ ಟೀಚರ್ ಒಬ್ಬರೇ ಇದ್ದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ. ಮೀನು ಮಾರುವವನು ಬಾಯಿತಪ್ಪಿ ಒಂದು ಇಂಗ್ಲಿಷ್ ಮಾತಾಡಿದರೂ ಗೇಟಿನಲ್ಲೇ ನಿಲ್ಲಿಸಿಕೊಂಡು ತಿದ್ದುತ್ತಿದ್ದರು.

ಗಂಡಸರು ಬರುವುದಾದರೆ ನೆಂಟರು ಮಾತ್ರ ಬರಬೇಕು ಎಂಬುದು ಅವರ ಕರಾರು. ಮೊದಲ ಭಾನುವಾರವೇ ಮಹತಿ, ಅಂಬಲಮುಗಳಿನ ರಿಫೈನರಿಯಲ್ಲಿ ಎಂಜಿನಿಯರಾಗಿರುವ ತನ್ನ ಕಸಿನ್ ಬ್ರದರ್ ಧ್ರುವ ಊಟಕ್ಕೆ ಬರುತ್ತಾನೆ ಎಂದು ತಿಳಿಸಿದಳು. ಟೀಚರ್ ಊಟಕ್ಕೆ ಒಪ್ಪಿದರು, ಪದಕ್ಕೆ ಒಪ್ಪಲಿಲ್ಲ.

"ಕಸಿನ್ ಬ್ರದರ್ ಅನ್ನುವ ಪದವೇ ಇಲ್ಲ ಮೋಳೇ. ಬರೀ ಕಸಿನ್. ಐದು ವಾಕ್ಯ ಮಾಡು ನೋಡೋಣ."

ಮಗಳೇ ಎಂದು ಕರೆದವರಿಗೆ ಇಲ್ಲವೆನ್ನಲಾಗದೆ, ತರಕಾರಿ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತೇ ಮಹತಿ ಐದು ವಾಕ್ಯ ಮಾಡಿದಳು. ನಾಲ್ಕು ಪಾಸಾದವು. ಮುಂದಿನ ಭಾನುವಾರಗಳಲ್ಲೂ ಪರೀಕ್ಷೆ ನಡೆಯಿತು. ಆರು ತಿಂಗಳಲ್ಲಿ ಅವಳು ಎಷ್ಟು ಪಳಗಿದಳೆಂದರೆ, ಆಫೀಸಿನಲ್ಲಿ ಯಾರಾದರೂ ಕಸಿನ್ ಸಿಸ್ಟರ್ ಎಂದರೆ ಅವಳ ಕಿವಿಗೆ ಚುಚ್ಚುತ್ತಿತ್ತು.

ಧ್ರುವ ಅವಳ ದೊಡ್ಡಪ್ಪನ ಮಗ. ಮೈಸೂರಿನಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಬೆಳೆದವರು. ಕನ್ನಡದಲ್ಲಿ ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅದಕ್ಕೆ ಯಾರ ತಿದ್ದುಪಡಿಯೂ ಬೇಕಿರಲಿಲ್ಲ.

ಅಷ್ಟರಲ್ಲಿ ಒಂದು ಸಂಬಂಧ ಬಂತು. ಹುಡುಗ ಆಕರ್ಷ, ತಿರುವನಂತಪುರದವನು. ಅವನ ತಂದೆ ಬಾಹ್ಯಾಕಾಶ ಸಂಸ್ಥೆಯ ಕೆಲಸಕ್ಕೆಂದು ಮೂವತ್ತು ವರ್ಷದ ಹಿಂದೆ ಕರ್ನಾಟಕದಿಂದ ಹೋಗಿ ಅಲ್ಲೇ ಉಳಿದಿದ್ದರು. ತಾಯಿ ಸುಬ್ಬಲಕ್ಷ್ಮಿ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರು. ಆಕರ್ಷನಿಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. ಜಾತಕ ಕೂಡಿತ್ತು. ಮೊದಲು ಮಕ್ಕಳೇ ನೋಡಿಕೊಳ್ಳಲಿ ಎಂದು ಹಿರಿಯರು ಬಿಟ್ಟರು.

ಒಂದು ಶನಿವಾರ ಅವನು ಕೊಚ್ಚಿಗೆ ಬಂದ. ಕಲೂರಿನ ಒಂದು ಜ್ಯೂಸ್ ಅಂಗಡಿಯಲ್ಲಿ ಇಬ್ಬರೂ ಎರಡು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ಮಹತಿಗೆ ಅವನು ಹಿಡಿಸಿದ. ಕೊಚ್ಚಿಯಲ್ಲಿ ನಿಮ್ಮವರು ಅಂತ ಯಾರಿದ್ದಾರೆ ಎಂದು ಅವನು ಕೇಳಿದಾಗ ಅವಳ ಮುಖ ಅರಳಿತು.

"ಮೈ ಕಸಿನ್ ಈಸ್ ಹಿಯರ್. ಐ ಕುಕ್ ಫಾರ್ ಹಿಮ್ ಎವ್ರಿ ಸಂಡೇ. ಐ ಟೆಲ್ ಮೈ ಕಸಿನ್ ಎವ್ರಿಥಿಂಗ್."

ಆಕರ್ಷನ ನಗು ನಿಧಾನವಾಗಿ ಇಳಿಯಿತು. ಅವನ ತಾಯಿ ಮದುವೆಯಾಗಿದ್ದು ತನ್ನ ಸೋದರತ್ತೆಯ ಮಗನನ್ನು. ಅಪ್ಪ ಅಮ್ಮ ಇಬ್ಬರೂ ಕಸಿನ್ಸ್ ಎಂದು ಚಿಕ್ಕಂದಿನಿಂದ ಗೆಳೆಯರಿಗೆ ಹೇಳಿಕೊಂಡು ಬಂದವನು ಅವನು. ಕಸಿನ್ ಎಂದರೆ ಅವನ ಮನಸ್ಸಿಗೆ ಬರುತ್ತಿದ್ದುದು ಅದೊಂದೇ ಅರ್ಥ.

ಸೋಮವಾರ ಮಹತಿಗೆ ಇಂಗ್ಲಿಷಿನಲ್ಲಿ ಅವನ ಮೆಸೇಜ್ ಬಂತು. ನಿಮ್ಮ ಮನಸ್ಸು ಬೇರೆ ಕಡೆ ಇರುವುದು ಗೊತ್ತಾಯಿತು, ನಾನು ಅಡ್ಡ ಬರುವುದಿಲ್ಲ, ನೀವೂ ನಿಮ್ಮ ಕಸಿನ್ನೂ ನೂರು ಕಾಲ ಸುಖವಾಗಿರಿ ಎಂದಿತ್ತು. ಅವಳು ಅದನ್ನು ಎರಡನೇ ಸಲ ಓದುವುದರೊಳಗೆ ಮೈಸೂರಿನಿಂದ ಅಮ್ಮನ ಫೋನು ಬಂತು.

"ಹುಡುಗನ ತಾಯಿ ಫೋನ್ ಮಾಡಿದ್ರು. ಅತ್ತೆ ಮಗನ್ನೇ ಕಟ್ಕೊಳ್ತೀನಿ ಅಂದ್ಯಂತೆ? ನಿಂಗಿರೋದು ಒಬ್ನೇ ಅತ್ತೆ ಮಗ ಕಣೇ, ಚಿಕ್ಕಣ್ಣ. ಅವನಿಗೆ ನಲವತ್ತೆಂಟು ವರ್ಷ, ಎರಡು ಮಕ್ಳು."

ಅಮ್ಮನನ್ನು ಸಮಾಧಾನ ಮಾಡಿ ಮಹತಿ ಆಕರ್ಷನಿಗೆ ಫೋನ್ ಮಾಡಿದಳು. ಅವನು ಎತ್ತದಿದ್ದಾಗ ಕೆಳಗಿಳಿದು ಹೋದಳು. ಟೀಚರ್ ಎದುರು ಕೂತು ನಡೆದದ್ದನ್ನೆಲ್ಲ ಹೇಳುವಾಗ ಅವಳಿಗೆ ಅಳು ಬಂತು. ಅಂಗಡಿಯಲ್ಲಿ ಆಡಿದ ವಾಕ್ಯಗಳನ್ನು ಹಾಗೇ ಹೇಳು ಎಂದರು ಟೀಚರ್. ಕಣ್ಣು ಮುಚ್ಚಿ ಕೇಳಿದರು. ಒಂದರಲ್ಲೂ ತಪ್ಪಿಲ್ಲ ಎಂದರು. ಕೊನೆಗೆ, ಶನಿವಾರ ಬೆಳಗಿನ ಟ್ರೈನಿಗೆ ಎರಡು ಟಿಕೆಟ್ ಮಾಡಿಸು, ಈ ಉತ್ತರಪತ್ರಿಕೆಯಲ್ಲಿ ನನ್ನ ಕೈಯೂ ಇದೆ ಎಂದರು.

ತಿರುವನಂತಪುರದ ಮನೆಯಲ್ಲಿ ಸುಬ್ಬಲಕ್ಷ್ಮಿ ಬಿಗುವಾಗಿಯೇ ಕಾಫಿ ಕೊಟ್ಟರು. ಟೀಚರ್ ಮಲಯಾಳದಲ್ಲಿ ನೇರವಾಗಿ ವಿಷಯಕ್ಕೆ ಬಂದರು. ಮದುವೆಯಾಗಬಹುದಾದ ಅತ್ತೆ ಮಗನಿಗೆ, ಮಾವನ ಮಗನಿಗೆ ತಮ್ಮಲ್ಲಿ ಮುರಚ್ಚೆರುಕ್ಕನ್ ಎನ್ನುತ್ತಾರೆ, ಧ್ರುವ ಅದಲ್ಲ, ಮಹತಿಯ ತಂದೆಯ ಅಣ್ಣನ ಮಗ ಎಂದರು. ಸುಬ್ಬಲಕ್ಷ್ಮಿ ಹಣೆ ಚಚ್ಚಿಕೊಂಡು ಮಹತಿಯ ಕಡೆ ತಿರುಗಿದರು.

"ಕಸಿನ್ ಬ್ರದರ್ ಅಂದಿದ್ರೆ ಅಲ್ಲಿಗೇ ಮುಗೀತಿತ್ತಲ್ಲಮ್ಮ."

ಮಹತಿ ಟೀಚರನ್ನು ನೋಡಿದಳು. ಕನ್ನಡ ಬಾರದ ಟೀಚರಿಗೂ ಆ ಎರಡು ಪದ ಸ್ಪಷ್ಟವಾಗಿ ಕೇಳಿಸಿದ್ದವು. ಅದು ತಪ್ಪು ಪ್ರಯೋಗ ಎಂದು ಮೆಲ್ಲಗೆ ಹೇಳಿದರು. ತಪ್ಪಾದರೂ ಅರ್ಥವಾಗುತ್ತದಲ್ಲ, ನಿಮ್ಮ ಸರಿಯಾದದ್ದು ನನ್ನ ಮಗನ ಒಂದು ವಾರದ ಊಟ ಬಿಡಿಸಿತು ಎಂದು ಸುಬ್ಬಲಕ್ಷ್ಮಿ ಮಲಯಾಳದಲ್ಲೇ ತಿರುಗಿಸಿ ಕೊಟ್ಟರು. ಚರ್ಚೆ ಅಡುಗೆಮನೆಗೂ ಹೋಯಿತು. ತೆಂಗಿನಕಾಯಿ ತುರಿಯುತ್ತ ಒಬ್ಬರು, ಬೀನ್ಸ್ ಹೆಚ್ಚುತ್ತ ಒಬ್ಬರು, ಬಿಟ್ಟುಕೊಡಲಿಲ್ಲ.

ಮಹತಿ ತಾರಸಿಗೆ ಹೋದಳು. ಆಕರ್ಷ ಅಲ್ಲಿ ಬಟ್ಟೆ ಒಣಗಿಸುವ ತಂತಿಯ ಪಕ್ಕ ಸುಮ್ಮನೆ ನಿಂತಿದ್ದ. ವಾರವಿಡೀ ಅಳು ಎಂದುಕೊಂಡಿದ್ದು ಅವನನ್ನು ಕಂಡ ಕೂಡಲೇ ಸಿಟ್ಟಾಯಿತು. ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಕೇಳಿದಳು.

"ನೂರು ಕಾಲ ಸುಖವಾಗಿರಿ ಅಂತ ಬರೆಯೋ ಮುಂಚೆ, ಅವನು ಯಾರು ಅಂತ ಒಂದು ಮಾತು ಕೇಳಬಹುದಿತ್ತಲ್ಲ?"

ಅವನು ಬಹಳ ಹೊತ್ತು ಪದ ಹುಡುಕಿದ. ಕನ್ನಡದಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

"ಕೇಳಿದ ಮೇಲೆ ನೀವು ಹೌದು ಅಂದ್ರೆ? ಅದು ಪೇಡಿ ಆಯ್ತು ನಂಗೆ."

ಭಯ ಎಂಬ ಪದ ಸಿಗದೆ ಮಲಯಾಳದ್ದನ್ನೇ ಹಾಕಿದ್ದ. ಆರು ತಿಂಗಳು ಕೊಚ್ಚಿಯಲ್ಲಿದ್ದ ಮಹತಿಗೆ ಅರ್ಥವಾಯಿತು. ಬೈಯಲು ಇನ್ನೂ ಬೇಕಾದಷ್ಟು ಇಟ್ಟುಕೊಂಡಿದ್ದಳು, ಒಂದೂ ನೆನಪಾಗಲಿಲ್ಲ. ಕೆಳಗಿನಿಂದ ಊಟಕ್ಕೆ ಕರೆದರು. ಮೂರನೇ ಸಲ ಕರೆದ ಮೇಲೆ ಇಬ್ಬರೂ ಇಳಿದರು.

ಓಣಂ ಕಳೆದ ಮೇಲೆ ಮೈಸೂರಿನಲ್ಲಿ ನಿಶ್ಚಿತಾರ್ಥವಾಯಿತು.