ನಕ್ಷೆಯಲ್ಲಿಲ್ಲದ ಬಂಗಲೆ

ಲಿಮಾ ನಗರದ ನಮ್ಮ ಗುಡ್ಡದ ಮುನ್ನೂರು ಮನೆಗಳನ್ನು ಪುರಸಭೆಯ ಕಂಪ್ಯೂಟರ್ ನಕ್ಷೆಯಿಂದ ಅಳಿಸಿದವರು ಇಂಜಿನಿಯರ್ ಉರ್ರುತಿಯಾ. "ನಕ್ಷೆಯಲ್ಲಿ ಇಲ್ಲದ ಮನೆಗೆ ಬಾಯಾರಿಕೆ ಆಗಲ್ಲಮ್ಮ," ಎಂದು, ಕೇಳಲು ಹೋದ ಅಮ್ಮನೆದುರು ನಕ್ಕಿದ್ದರು. ಅಂದಿನಿಂದ ನೀರಿನ ಲಾರಿ ಮೇಲೆ ಬರಲಿಲ್ಲ. ಬಕೆಟ್ ಹೊತ್ತು ಮೆಟ್ಟಿಲೇರುವಾಗ ಅಮ್ಮ ಬಿದ್ದಳು, ಮತ್ತೆ ಏಳಲಿಲ್ಲ.

ಪುರಸಭೆಯಲ್ಲಿ ನಕ್ಷೆ ನೋಡಿ ನೀರಿನ ಲಾರಿ ಕಳಿಸುವ ಕೆಲಸಕ್ಕೆ ಸೇರಿ, ಅದೇ ಇಂಜಿನಿಯರರ ಕೈಕೆಳಗೆ ನಾನು ತಲೆ ತಗ್ಗಿಸಿ ದುಡಿದೆ. ಎರಡು ವರ್ಷ, ಪ್ರತಿ ಭಾನುವಾರ ಗುಡ್ಡ ಹತ್ತಿ, ಬಾಗಿಲುಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದು, ಒಂದೊಂದೇ ಮನೆಯನ್ನು ನಕ್ಷೆಗೆ ಸೇರಿಸಿದೆ. ಯಾರಾದರೂ ನೋಡಿಯಾರೆಂದು ಆಗಾಗ ಹಿಂದೆ ತಿರುಗಿ ನೋಡುತ್ತಿದ್ದೆ. ಗುಡ್ಡದ ಬುಡದಲ್ಲಿ ಇಂಜಿನಿಯರರದೇ ಹೊಸ ಬಂಗಲೆಯಿತ್ತು. ತೆರಿಗೆ ತಪ್ಪಿಸಲು ನಕ್ಷೆಯಲ್ಲಿ ಅದನ್ನು ಖಾಲಿ ಜಾಗವೆಂದೇ ಉಳಿಸಿಕೊಂಡಿದ್ದರು. ಅದನ್ನು ಮಾತ್ರ ನಾನು ಮುಟ್ಟಲಿಲ್ಲ.

ಫೆಬ್ರವರಿಯಲ್ಲಿ ದೊಡ್ಡ ಕೊಳವೆ ಒಡೆದು ಊರಿನ ನಲ್ಲಿಗಳೆಲ್ಲ ಒಣಗಿದವು. ಲಾರಿಗಳು ನಕ್ಷೆ ತೋರಿಸಿದ ಮನೆಗಳಿಗೆ ಮಾತ್ರ ಹೊರಟವು. ಇಂಜಿನಿಯರರ ಮಗಳ ಹದಿನೈದನೇ ಹುಟ್ಟುಹಬ್ಬದ ದಿನ ಅವರ ಫೋನ್ ಬಂತು.

"ಎರ್ಮೆಲಿಂದಾ, ಮನೆ ತುಂಬಾ ನೆಂಟರು, ಕಕ್ಕಸಿಗೂ ನೀರಿಲ್ಲ. ಬೇಗ ಒಂದು ಲಾರಿ ಕಳ್ಸಮ್ಮ!"

"ಎಲ್ಲಿಗೆ ಸಾರ್? ಇಲ್ಲಿ ಖಾಲಿ ಜಾಗ ಅಂತ ತೋರಿಸ್ತಿದೆ. ಖಾಲಿ ಜಾಗಕ್ಕೆ ಬಾಯಾರಿಕೆ ಆಗುತ್ತಾ?"

"ತಮಾಷೆ ಮಾಡ್ಬೇಡ!"

"ಮನೆ ಇದೆ ಅಂತ ಬರೆದು ಸಹಿ ಹಾಕ್ಕೊಡಿ ಸಾರ್. ಈಗ್ಲೇ ಸೇರಿಸ್ತೀನಿ."

ಬರೆದುಕೊಟ್ಟರೆ ತೆರಿಗೆ ತಪ್ಪಿಸಿದ್ದು ಬಯಲಾಗುತ್ತಿತ್ತು; ಅವರು ಫೋನ್ ಇಟ್ಟರು. ಪರದೆಯ ಮೇಲೆ ಲಾರಿಯ ಹಸಿರು ಚುಕ್ಕೆ ಅವರ ಗೇಟು ದಾಟಿ ಗುಡ್ಡ ಹತ್ತುತ್ತಿತ್ತು. ಮೊದಲ ಬಾಗಿಲು ನಮ್ಮದೇ; ಅಲ್ಲಿ ಅಮ್ಮ ನೀರು ತುಂಬಿಸಿಡುತ್ತಿದ್ದ ಪೀಪಾಯಿ ಇತ್ತು.