ಈ ಬ್ಯಾಚ್ ಮುಗೀಲಿ

“ಎತ್ತಿ, ಎತ್ತಿ... ಸ್ವಲ್ಪ ವಾಲಿಸಿ... ಅಯ್ಯೋ, ನನ್ನ ಬೆರಳು!”

ಡೆಸ್ಕು ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗಿನಿಂದ ಮೇಷ್ಟ್ರ ತಮ್ಮ ತಳ್ಳಿದರು, ಹೊರಗಿನಿಂದ ಇಬ್ಬರು ಎಳೆದರು. ಚೌಕಟ್ಟಿನ ಬಣ್ಣ ಕಿತ್ತು ಬಂತೇ ಹೊರತು ಡೆಸ್ಕು ಮಿಸುಕಲಿಲ್ಲ. ಮೇಷ್ಟ್ರ ದೇಹವನ್ನು ಆಸ್ಪತ್ರೆಯಿಂದ ತಂದ ಗಾಡಿ ಗೇಟಿನ ಮುಂದೆ ಕಾಯುತ್ತಿತ್ತು. ಮುಂದಿನ ಕೋಣೆ ಖಾಲಿಯಾಗದೆ ಅವರನ್ನು ಮಲಗಿಸಲು ಜಾಗವಿರಲಿಲ್ಲ.

“ಅದು ಬರಲ್ಲ ಬಿಡಿ,” ಎಂದ ಎದುರುಮನೆಯ ಬಡಗಿ. “ಈ ಕೋಣೆಯಲ್ಲೇ ಕೂತು ಜೋಡಿಸಿದ್ದು ನಾನು. ಬೆಂಚು, ಡೆಸ್ಕು ಎರಡಕ್ಕೂ ಒಂದೇ ಚೌಕಟ್ಟು.”

“ಬಾಗಿಲ ಅಳತೆ ನೋಡ್ಬಾರದೇನಯ್ಯಾ?”

“ಹೊರಗೆ ತಗೊಂಡು ಹೋಗ್ತೀವಿ ಅಂತ ಯಾರು ಹೇಳಿದ್ರು? ಅಲುಗಾಡಬಾರದು ಅಂದ್ರು ಮೇಷ್ಟ್ರು. ಅಲುಗಾಡ್ತಿಲ್ವಲ್ಲ.”

ಯಾರಿಗೋ ನಗು ಬಂತು, ಅದನ್ನು ಕೆಮ್ಮಾಗಿಸಿಕೊಂಡರು. ಕೊನೆಗೆ ಡೆಸ್ಕುಗಳನ್ನೆಲ್ಲ ಹಿಂದಿನ ಗೋಡೆಗೆ ಒತ್ತರಿಸಿ, ಬೋರ್ಡಿಗೂ ಮೊದಲ ಸಾಲಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿ ಮೇಷ್ಟ್ರನ್ನು ಮಲಗಿಸಿದರು. ಸರ್ಕಾರಿ ಪರೀಕ್ಷೆ ಬರೆಯುವವರಿಗೆ ಅವರು ಪ್ರಾಚೀನ ಮತ್ತು ಮಧ್ಯಕಾಲೀನ ಭಾರತದ ಇತಿಹಾಸ ಹೇಳಿಕೊಡುತ್ತಿದ್ದುದು ಅಲ್ಲೇ ನಿಂತು. ಬಂದವರು ಬೇರೆಲ್ಲೂ ಜಾಗವಿಲ್ಲದೆ ಬೆಂಚುಗಳಲ್ಲೇ ಕೂತರು. ಹಳೆಯ ವಿದ್ಯಾರ್ಥಿಗಳು ಯೋಚಿಸದೆಯೇ ತಮ್ಮ ತಮ್ಮ ಹಳೆಯ ಜಾಗ ಹಿಡಿದರು.

ಮೂರನೆಯ ಸಾಲಿನಲ್ಲಿ ಕೂತ ದಪ್ಪನೆಯ ವ್ಯಕ್ತಿ ಕಣ್ಣೊರೆಸಿಕೊಂಡರು. ಪಕ್ಕದ ಬೀದಿಯಲ್ಲಿ ಆಧುನಿಕ ಇತಿಹಾಸ ಹೇಳಿಕೊಡುವವರು. “ನನಗಿಂತ ಎರಡು ವರ್ಷ ಚಿಕ್ಕೋನು. ಆದ್ರೂ ನಾನು ಆಧುನಿಕ ಮೇಷ್ಟ್ರು, ಅವನು ಪ್ರಾಚೀನ ಮೇಷ್ಟ್ರು. ಹುಡುಗರು ಹಾಗೇ ಕರೆದು ಕರೆದು ಅವನನ್ನ ಮುದುಕ ಮಾಡಿಬಿಟ್ರು.”

ಬೋರ್ಡನ್ನು ಯಾರೂ ಒರೆಸಿರಲಿಲ್ಲ. ನಿನ್ನೆ ಸಂಜೆಯ ಪಾಠ ಹಾಗೇ ಇತ್ತು. ‘ಅವನತಿಗೆ ಕಾರಣಗಳು. ೧. ದುರ್ಬಲ ಉತ್ತರಾಧಿಕಾರಿಗಳು. ೨.’ ಎರಡರ ಮುಂದೆ ಒಂದು ಚುಕ್ಕೆ. ಅಷ್ಟರಲ್ಲೇ ಮೇಷ್ಟ್ರು ಕುಸಿದಿದ್ದರು.

“ಯಾವ ವಂಶ ಕೇಳಿದ್ರೂ ಮೊದಲನೇ ಪಾಯಿಂಟು ಅದೇ,” ಎಂದರು ಈಗ ದೊಡ್ಡ ಅಧಿಕಾರಿಯಾಗಿರುವ ಹಳೆಯ ವಿದ್ಯಾರ್ಥಿ. “ಮೌರ್ಯರೋ ಗುಪ್ತರೋ, ಕಣ್ಣುಮುಚ್ಚಿ ಬರೀರಿ, ಒಂದು ಮಾರ್ಕು ಎಲ್ಲೂ ಹೋಗಲ್ಲ ಅಂತಿದ್ರು.” ಆಮೇಲೆ ಗೋಡೆಗೊರಗಿ ನಿಂತಿದ್ದ ಮೇಷ್ಟ್ರ ಮಗಳ ಕಡೆ ತಿರುಗಿದರು. “ಆದ್ರೆ ಇಲ್ಲಿ ಉತ್ತರಾಧಿಕಾರಿ ದುರ್ಬಲ ಅಲ್ಲ, ಅಲ್ವೇನಮ್ಮಾ?”

ಎಲ್ಲರೂ ಅವಳನ್ನೇ ನೋಡಿದರು. ಉತ್ತರಪತ್ರಿಕೆ ತಿದ್ದುವವಳು ಅವಳು. ಅಪ್ಪನಿಗೆ ಜ್ವರ ಬಂದಾಗ ಪಾಠ ಮಾಡುವವಳೂ ಅವಳೇ. ಅವಳು ಟವೆಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಅಳು ತಡೆಯುತ್ತಿದ್ದಾಳೆಂದು ಅವರು ತಿಳಿದರು. ನಿಜವಾಗಿ, ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ತಲೆಯಲ್ಲಾಡಿಸಿದ ಕ್ಷಣ ಅವಳೊಳಗೆ ಮೊದಲು ಎದ್ದದ್ದು ಅಳುವಲ್ಲ, ‘ಇನ್ನು ಹೋಗಬಹುದು’ ಎಂಬ ಮಾತು. ಅದು ಮುಖದ ಮೇಲೆ ಇನ್ನೂ ಇದೆಯೇನೋ ಎಂದು ಅವಳಿಗೆ ಭಯ.

*

ಅವಳಿನ್ನೂ ಮೊಣಕಾಲು ಮುಟ್ಟುವ ಲಂಗದ ಹುಡುಗಿಯಾಗಿದ್ದಾಗ ಒಮ್ಮೆ ಮೂವರೂ ಪ್ರವಾಸ ಹೊರಟಿದ್ದರು. ಅಪ್ಪ ಪ್ರತಿವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುವ ಗುಹೆಗಳನ್ನು ನೋಡಲು. ಆ ಗುಹೆಗಳ ಕಂಬ, ಕಮಾನು, ಒಳಗೆ ಬೆಳಕು ಬೀಳುವ ಕಿಂಡಿ, ಎಲ್ಲ ಅವರಿಗೆ ಕರತಲಾಮಲಕ. ನೋಡಿದ್ದು ಮಾತ್ರ ಒಮ್ಮೆಯೂ ಇಲ್ಲ.

ಟ್ಯಾಕ್ಸಿ ಬಂದು ನಿಂತಿತ್ತು. ಅಪ್ಪ ಒಂದು ಕಾಲು ಒಳಗಿಟ್ಟಿದ್ದರು. ಆಗ ಗೇಟಿನ ಹತ್ತಿರ ನಾಲ್ಕೈದು ವಿದ್ಯಾರ್ಥಿಗಳು ಏದುಸಿರು ಬಿಡುತ್ತ ಬಂದು ನಿಂತರು. ಪರೀಕ್ಷೆ ಒಂದು ವಾರ ಮುಂಚೆಯೇ ಇದೆಯಂತೆ.

ಅಪ್ಪ ಕಾಲು ಹೊರಗೆ ತೆಗೆದರು. “ಈ ಬ್ಯಾಚ್ ಮುಗೀಲಿ, ಹೋಗೋಣ.”

“ಹೂಂ,” ಎಂದರು ಅಮ್ಮ, ಚೀಲ ಇಳಿಸುತ್ತ. “ತುಘಲಕ್ ಸಾಹೇಬರ ರಾಜಧಾನಿ ವಾಪಸ್ ದೆಹಲಿಗೆ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪನೇ. ಆದರೆ ಆ ಬ್ಯಾಚು ಮುಗಿಯುವ ಮೊದಲೇ ಮುಂದಿನದು ಬಂದು ಕೂತಿತು. ಅದು ಅವರೇ ಮಾಡಿಕೊಂಡ ಕ್ರಮ: ಹಳಬರು ಪುನರಾವರ್ತನೆಯಲ್ಲಿರುವಾಗಲೇ ಹೊಸಬರಿಗೆ ಸಿಂಧೂ ಕಣಿವೆ ಶುರು. ಕೋಣೆ ಖಾಲಿ ಬೀಳಬಾರದು. ಕೊಂಡಿಗೆ ಕೊಂಡಿ ಸೇರಿದ ಹಾಗೆ ಒಂದು ಬ್ಯಾಚಿನ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡೇ ಇರುತ್ತಿತ್ತು.

*

“ಅಕ್ಕ.”

ಮುಂದಿನ ಬೆಂಚಿನ ಹುಡುಗಿ ಅಡುಗೆಮನೆ ಬಾಗಿಲಿಗೆ ಬಂದಿದ್ದಳು. ಈಗಿನ ಬ್ಯಾಚಿನವಳು, ಅತ್ತು ಅತ್ತು ಮೂಗು ಕೆಂಪಾಗಿತ್ತು. “ಇವತ್ತು ಕೇಳಬಾರದು, ಗೊತ್ತು. ಪರೀಕ್ಷೆ ಗುರುವಾರ. ನಂದು ಇದು ಕೊನೇ ಸಲ ಅಕ್ಕ, ಆಮೇಲೆ ವಯಸ್ಸು ಮೀರುತ್ತೆ. ಸರ್ ಈ ಪಾಠ ನಾಳೆ ಮುಗಿಸ್ತೀನಿ ಅಂದಿದ್ರು...”

ಮಗಳು ಅವಳ ಕೈಗೆ ಒಂದು ಲೋಟ ನೀರು ಕೊಟ್ಟಳು.

ಹುಡುಗಿ ಹೋದ ಮೇಲೆ, ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಬೆಳಗಿನಿಂದ ಮೊದಲ ಬಾರಿಗೆ ಬಾಯಿ ಬಿಟ್ಟರು.

“ನಿನ್ನ ಕೆಲಸದ ವಿಷಯ ಯಾವಾಗ ಹೇಳ್ಬೇಕು ಅವರಿಗೆ?”

“ಇವತ್ತು ಸಂಜೆಯೊಳಗೆ. ಮೇಡಂ ಫೋನ್ ಮಾಡ್ತಾರೆ. ಬರ್ತೀನಿ ಅನ್ನದಿದ್ರೆ ಇನ್ನೊಬ್ಬರನ್ನ ತಗೋತಾರೆ.”

“ಬರ್ತೀನಿ ಅನ್ನು. ನಾಳೆ ರೈಲು ಹತ್ತು.”

“ನಿನ್ನ ಬಿಟ್ಟು? ಇವತ್ತೇ ಅಪ್ಪ...”

“ನನ್ನ ನೆಪ ಹೇಳ್ಬೇಡ. ನನ್ನ ತಂಗಿ ಬಂದಿರ್ತಾಳೆ.”

“ಇದೊಂದು ಪಾಠ ಅಮ್ಮ. ಮುಗಿಸಿ ಹೋಗ್ತೀನಿ.”

“ಮುಗಿಸಿ ಹೋಗ್ತೀನಿ ಅಂದವರ ಜೊತೆ ಸಂಸಾರ ಮಾಡಿದ್ದೀನಿ ನಾನು,” ಎಂದರು ಅಮ್ಮ.

*

ಆ ಕೆಲಸದ ವಿಷಯ ಅಪ್ಪನಿಗೆ ಹೇಳಿದ್ದು ಕಳೆದ ವಾರ. ನದಿದಂಡೆಯಲ್ಲಿ ಹೂತುಹೋದ ಹಳೆಯ ಪಟ್ಟಣವೊಂದನ್ನು ಅಗೆಯುವ ತಂಡ, ಮೇಡಂ ಅದರ ಮುಖ್ಯಸ್ಥೆ. ಮಡಕೆ ಚೂರು ತೊಳೆದು, ಅದರ ಚಿತ್ರ ಬರೆದು, ಜೋಡಿಸುವ ಕೆಲಸ.

“ಮಣ್ಣು ಕೆರೆಯೋದಕ್ಕೆ ಎಂ.ಎ. ಬೇಕಾ?” ಎಂದಿದ್ದರು ಅಪ್ಪ, ಬೋರ್ಡು ಒರೆಸುತ್ತ. ಆಮೇಲೆ, ತಿರುಗಿ ನೋಡದೆಯೇ, “ಎಷ್ಟು ಆಳ ತೋಡ್ತಾರೆ?” ಎಂದು ಕೇಳಿದರು.

“ಆಳುದ್ದ, ಕೆಲವು ಕಡೆ ಇನ್ನೂ ಕೆಳಗೆ. ಇಳಿದಷ್ಟೂ ಹಳೇದು ಸಿಗುತ್ತಪ್ಪ.”

“ಅಂದ್ರೆ ಕೊನೇ ರಾಜ ಮೊದಲು ಸಿಗ್ತಾನೆ. ನಮ್ಮ ಪಾಠಕ್ಕೆ ತಿರುವುಮುರುವು.” ಡಸ್ಟರ್ ಕೈಯಲ್ಲೇ ನಿಂತಿತ್ತು. “ಮುಟ್ಟೋಕೆ ಬಿಡ್ತಾರಾ? ಬರಿಗೈಯಲ್ಲಿ?”

“ಬಿಡ್ತಾರೆ.”

ಅವರು ಕಿಟಕಿಯ ಕಡೆ ನೋಡುತ್ತ ನಿಂತರು. ಹೋಗು ಎನ್ನುತ್ತಾರೆಂದು ಅವಳು ಕಾದಳು. ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು, ಸಂಜೆಯ ವಿದ್ಯಾರ್ಥಿಗಳು.

“ಈ ಬ್ಯಾಚ್ ಮುಗೀಲಿ,” ಎಂದರು ಅಪ್ಪ.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬರುವಾಗ ಬಿಸಿಲು ಇಳಿದಿತ್ತು. ಅಧಿಕಾರಿ ಹೋದರು, ಬಡಗಿ ಹೋದ, ಆಧುನಿಕ ಮೇಷ್ಟ್ರು ಅಮ್ಮನಿಗೆ ಕೈಮುಗಿದು ಹೋದರು. ಮುಂದಿನ ಕೋಣೆಯಲ್ಲಿ ವಿದ್ಯಾರ್ಥಿಗಳು ಮಾತ್ರ ಉಳಿದಿದ್ದರು. ಡೆಸ್ಕುಗಳನ್ನು ಮತ್ತೆ ಸಾಲಾಗಿ ಎಳೆದು, ನೆಲ ಒರೆಸಿ, ಸುಮ್ಮನೆ ಕೂತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು.

“ಒಂದು ಗಂಟೆ ನಿಂತು ಹೇಳಿಬಿಡಮ್ಮ,” ಎಂದರು ಚಿಕ್ಕಪ್ಪ. “ಪಾಪ, ಮಕ್ಕಳು ಇದನ್ನೇ ನಂಬ್ಕೊಂಡಿದ್ದಾರೆ. ಈ ಬ್ಯಾಚ್ ಒಂದು ಮುಗೀಲಿ, ಆಮೇಲೆ ನಿನ್ನಿಷ್ಟ.”

ಗೇಟಿನ ಹತ್ತಿರ ಅಪರಿಚಿತನೊಬ್ಬ ತನ್ನ ಮಗಳನ್ನು ಕರೆದುಕೊಂಡು ನಿಂತಿದ್ದ. ಸಾವಿನ ಮನೆಯೆಂದು ತಿಳಿದದ್ದೇ ಹಿಂದಕ್ಕೆ ಸರಿದ. “ಕ್ಷಮಿಸಿ, ಗೊತ್ತಿರಲಿಲ್ಲ. ಹೊಸ ಬ್ಯಾಚಿಗೆ ಸೇರಿಸೋಣ ಅಂತ...”

“ಅದಕ್ಕೇನು ತೊಂದರೆ ಇಲ್ಲ,” ಎಂದರು ಚಿಕ್ಕಪ್ಪ, ಆತನ ಸಂಕೋಚ ನೋಡಲಾರದೆ. “ಸೋಮವಾರ ಬನ್ನಿ.”

ಒಳಗಿದ್ದ ಅವಳಿಗೆ ಅದು ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ಕೇಳಿಸಿತು.

ಅವಳು ಡೆಸ್ಕುಗಳ ನಡುವೆ ಅಡ್ಡಡ್ಡಲಾಗಿ ನುಸುಳಿ ಬೋರ್ಡಿನ ಹತ್ತಿರ ಬಂದಳು. ಸೀಮೆಸುಣ್ಣ ಎತ್ತಿಕೊಳ್ಳುವಾಗ ಕೈಯಲ್ಲಿದ್ದ ಫೋನು ನಡುಗತೊಡಗಿತು. ಮೇಡಂ. ಎತ್ತಿ ‘ಬರ್ತೀನಿ’ ಎಂದರಾಯಿತು, ಒಂದೇ ಮಾತು. ಮುಂದಿನ ಬೆಂಚಿನ ಹುಡುಗಿ ಪೆನ್ನಿನ ಮುಚ್ಚಳ ತೆಗೆದು ತಲೆಯೆತ್ತಿದಳು.

“ಎರಡನೇ ಕಾರಣ ಏನಕ್ಕ?”

ಫೋನು ಇನ್ನೂ ನಡುಗುತ್ತಿತ್ತು. ಈ ಹುಡುಗರ ಮುಂದೆ ಹೇಗೆ ಮಾತಾಡುವುದು, ಆಮೇಲೆ ತಾನೇ ಮಾಡಿದರಾಯಿತು ಎಂದುಕೊಂಡು ಅವಳು ಅದನ್ನು ಬೋರ್ಡಿನ ಕೆಳಗಿನ ಪಟ್ಟಿಯ ಮೇಲೆ ಬೋರಲು ಹಾಕಿದಳು. ಮರದ ಮೇಲೆ ಅದು ಸ್ವಲ್ಪ ಹೊತ್ತು ಗುರುಗುಟ್ಟಿ ಸುಮ್ಮನಾಯಿತು. ಅಡುಗೆಮನೆಯ ಬಾಗಿಲಲ್ಲಿ ಈಗ ಯಾರೂ ಇರಲಿಲ್ಲ.

ಬರೆಯಲು ಕೈಯೆತ್ತಿದಾಗ ಕಾಲು ಕೊಂಚ ಜಾರಿದಂತಾಗಿ ಕೆಳಗೆ ನೋಡಿದಳು. ಅಲ್ಲಿ ಅಪ್ಪ ನಿಂತು ನಿಂತು ಸಿಮೆಂಟು ನೆಲ ಸವೆದು, ಅಕ್ಕಪಕ್ಕ ಎರಡು ನುಣುಪಾದ ತಗ್ಗುಗಳಾಗಿದ್ದವು. ಅವಳ ಪಾದಗಳು ತಾವಾಗಿಯೇ ಅವುಗಳಲ್ಲಿ ಇಳಿದು ನಿಂತಿದ್ದವು. ಸುತ್ತಲೂ ಇನ್ನೂ ಒಂದು ಬೆರಳಿನಷ್ಟು ಜಾಗ ಉಳಿದಿತ್ತು.