ಫೈಲಿನಲ್ಲಿಲ್ಲದ ಸಾಲು

ಅತ್ತೆಯ ಗಂಟಲಿನ ಆಪರೇಷನ್ ಆಗಿ ಮೂರು ದಿನವಾಗಿತ್ತು. ಒಂದು ವಾರ ತುಟಿ ಪಿಟಕ್ಕೆನ್ನುವಂತಿಲ್ಲ ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಏನು ಹೇಳಬೇಕೆಂದರೂ ಒಂದು ಪುಸ್ತಕದಲ್ಲಿ ಬರೆದು ತೋರಿಸಬೇಕು. ಬರೆದದ್ದನ್ನು ಮಾವ ಓದಿ ಹೇಳುತ್ತಿದ್ದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಇದೇ ಮೊದಲ ಸಲ ಮನೆಯಲ್ಲಿ ತಮ್ಮ ದನಿ ಕೇಳುತ್ತಿದೆಯೆಂದು ಅವರಿಗೆ ಒಳಗೊಳಗೇ ಖುಷಿ.

ನಾನೂ ಅತ್ತೆಯೂ ಕೆಲಸ ಮಾಡುವುದು ಒಂದೇ ಕೋಣೆಯಲ್ಲಿ. ದೂರದ ಗ್ರಹವೊಂದನ್ನು ಸುತ್ತುತ್ತಿರುವ ಹಳೆಯ ನೌಕೆ ಯಾವ ಹೊತ್ತಿಗೆ ಎತ್ತ ತಿರುಗಬೇಕೆಂದು ಲೆಕ್ಕ ಹಾಕಿ ಕಳಿಸುವುದು ನಮ್ಮ ಪಾಲಿನ ಕೆಲಸ. ಅತ್ತೆ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ, ನಾನು ಎಂಟು ತಿಂಗಳಿಂದ. ಆ ವಾರ ಅವರ ಕುರ್ಚಿಯಲ್ಲಿ ನಾನೊಬ್ಬಳೇ ಕೂರಬಹುದೆಂದು ಮುಖ್ಯಸ್ಥರು ಒಪ್ಪಿದ್ದು ಅತ್ತೆಯ ಮಾತಿನ ಮೇಲೆ.

"ಸೊಸೆ ಅಂತ ಹೇಳ್ತಿಲ್ಲ ಸರ್. ಸೊಸೆ ಅಂತಾದ್ರೆ ನಾಲ್ಕು ದೂರು ಹೇಳ್ತಿದ್ದೆ. ಕೆಲಸ ಬರುತ್ತೆ, ಅದಕ್ಕೆ ಹೇಳ್ತಿದೀನಿ," ಎಂದಿದ್ದರು, ಆಸ್ಪತ್ರೆಗೆ ಸೇರುವ ಮುನ್ನಾದಿನ, ಒಡೆದ ದನಿಯಲ್ಲಿ. ಆ ದನಿ ಖರ್ಚು ಮಾಡಿ ಆಡಿದ ಮಾತು ಸುಳ್ಳಾಗಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮ ಕೆಲಸದಲ್ಲಿ ಒಂದು ಚಮತ್ಕಾರವಿದೆ. ನೌಕೆಗೆ ಎರಡು ಕ್ಯಾಮೆರಾ. ಮೊದಲನೆಯದು ಕೆಟ್ಟು ಹದಿನಾಲ್ಕು ವರ್ಷವಾಯಿತು, ಈಗ ಚಿತ್ರ ತೆಗೆಯುವುದೆಲ್ಲ ಎರಡನೆಯದು. ಆದರೆ ನಮ್ಮ ಫೈಲಿನಲ್ಲಿ ಇವತ್ತಿಗೂ ಮೊದಲನೆಯದರ ಹೆಸರೇ ಇದೆ. ಅದನ್ನು ತಿದ್ದಬೇಕೆಂದರೆ ಒಂದು ಸಮಿತಿ ಸೇರಬೇಕು, ಸಮಿತಿಯಲ್ಲಿದ್ದವರಲ್ಲಿ ಅರ್ಧ ಜನ ನಿವೃತ್ತರಾಗಿ ಗಿಡಕ್ಕೆ ನೀರು ಹಾಕಿಕೊಂಡಿದ್ದಾರೆ. ಹಾಗಾಗಿ ದಿನಾ ಬೆಳಿಗ್ಗೆ ಫೈಲುಗಳನ್ನೆಲ್ಲ ಲೋಡ್ ಮಾಡಿದ ಮೇಲೆ ಒಂದು ಸಾಲನ್ನು ಕೈಯಾರೆ ಟೈಪ್ ಮಾಡುತ್ತೇವೆ: ಕ್ಯಾಮೆರಾ ಎಂಬ ಜಾಗಕ್ಕೆ ಎರಡನೆಯದರ ಹೆಸರು. ನಾವು ಬಳಸುವ ಲೆಕ್ಕದ ಪ್ರೋಗ್ರಾಂ, ಫೈಲಿನಲ್ಲಿರುವ ಹೆಸರನ್ನು ಬದಿಗಿಟ್ಟು ನಾವು ಕೊಟ್ಟದ್ದನ್ನು ಹಿಡಿದುಕೊಳ್ಳುತ್ತದೆ. ಎಲ್ಲೂ ಬರೆದಿಡುವುದಿಲ್ಲ. ಪ್ರೋಗ್ರಾಂ ನಡೆಯುವಷ್ಟು ಹೊತ್ತು ನೆನಪಿಟ್ಟುಕೊಂಡರೆ ಅದರ ಕೆಲಸ ಮುಗಿಯಿತು.

ಆವತ್ತು ಎಂಟೂವರೆಗೆ ಆ ಸಾಲನ್ನು ಟೈಪ್ ಮಾಡಿದೆ. ಒಂಬತ್ತೂವರೆಗೆ ನೌಕೆಯ ಗಡಿಯಾರದ ಹೊಸ ಫೈಲ್ ಬಂತು. ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ, ಲೆಕ್ಕ ನಡೆಸಿದೆ, ಆದೇಶದ ಫೈಲನ್ನು ರವಾನೆ ಮೇಜಿಗೆ ಕಳಿಸಿದೆ. ಅದು ಹನ್ನೆರಡಕ್ಕೆ ನೌಕೆಯ ಕಡೆ ಹೊರಡಬೇಕು.

ಹನ್ನೊಂದಕ್ಕೆ ಕೈ ಸುಮ್ಮನಿರದೆ ವರದಿಯ ಹಾಳೆ ಮಗುಚುತ್ತಿದ್ದೆ. ಕೊನೆಯ ಪುಟದಲ್ಲಿ ಕ್ಯಾಮೆರಾದ ಹೆಸರಿತ್ತು. ಮೊದಲನೆಯದರ ಹೆಸರು.

ಎರಡು ಕ್ಯಾಮೆರಾಗಳ ನೋಟಕ್ಕೆ ಇರುವ ವ್ಯತ್ಯಾಸ ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. ಆದರೆ ಆವತ್ತು ನಾವು ಚಿತ್ರ ತೆಗೆಯಬೇಕಾಗಿದ್ದ ಆ ಗ್ರಹದ ಪುಟ್ಟ ಉಪಗ್ರಹ ಸಾಸಿವೆಕಾಳಿಗಿಂತ ದೊಡ್ಡದಾಗಿ ಕಾಣುವುದಿಲ್ಲ, ತಪ್ಪಿದರೆ ಅಷ್ಟು ಹತ್ತಿರ ಬರುವುದು ಇನ್ನು ಆರು ವರ್ಷಕ್ಕೆ. ಕಳಿಸಿದ ಫೈಲನ್ನು ಹಿಂದಕ್ಕೆ ಪಡೆಯಬಹುದು. ಅದಕ್ಕೊಂದು ಫಾರಂ ಇದೆ. ಅದರಲ್ಲಿ ಕಾರಣ ಬರೆದು ಸಹಿ ಹಾಕಬೇಕು, ಅದು ನೇರ ಮುಖ್ಯಸ್ಥರ ಮೇಜಿಗೆ ಹೋಗುತ್ತದೆ.

ಮನೆಗೆ ಫೋನ್ ಮಾಡಿದೆ. ಮಾವ ಎತ್ತಿದರು.

"ಅತ್ತೆ ಎದ್ದಿದಾರಾ ಮಾವ?"

"ಎದ್ದು ಕೂತು ಪೆನ್ಸಿಲ್ಲಲ್ಲೇ ದರ್ಬಾರು ನಡೆಸ್ತಿದಾಳೆ. ಯಾಕಮ್ಮ, ದನಿ ಒಂಥರಾ ಇದೆ?"

"ಕ್ಯಾಮೆರಾ ಸಾಲು ಹೋಗಿಬಿಟ್ಟಿದೆ ಅನ್ನಿ. ನಾನೇ ಟೈಪ್ ಮಾಡಿದೀನಿ, ಈ ಕೈಯಲ್ಲೇ. ಆದ್ರೂ ವರದೀಲಿ ಹಳೇ ಹೆಸರು ಬಂದಿದೆ."

ಮಾವ ಅದನ್ನು ಅತ್ತೆಗೆ ಹೇಳಿದರು. ಪೆನ್ಸಿಲ್ ಗೀಚುವ ಸದ್ದು ಕೇಳಿಸಿತು.

"'ಮಧ್ಯೆ ಯಾವುದಾದ್ರೂ ಫೈಲ್ ತೆಗೆದ್ಯಾ' ಅಂತ ಕೇಳ್ತಿದಾಳೆ."

"ಹೂಂ, ಗಡಿಯಾರದ್ದು. ಹಳೇದು ತೆಗೆದು ಹೊಸದು ಹಾಕಿದೆ."

"'ಅದೇ ಆಗಿರೋದು. ಒಂದೇ ಒಂದು ತೆಗೆದ್ರೂ ಅದು ಇದ್ದಬದ್ದದ್ದೆಲ್ಲ ಚೆಲ್ಲಿ, ಉಳಿದ ಫೈಲುಗಳನ್ನ ಮೊದಲಿಂದ ಓದುತ್ತೆ. ಕೈಯಲ್ಲಿ ಕೊಟ್ಟದ್ದು ಫೈಲಲ್ಲಿ ಇಲ್ವಲ್ಲ, ಹೋಗುತ್ತೆ. ಮತ್ತೆ ಟೈಪ್ ಮಾಡು.' ನನಗಂತೂ ತಲೆಬುಡ ಗೊತ್ತಾಗ್ತಿಲ್ಲಮ್ಮ, ಇದ್ದದ್ದು ಇದ್ದ ಹಾಗೆ ಓದ್ತಿದೀನಿ."

"ಆದ್ರೆ ಇದು ಹಾಳೇಲಿ ಇಲ್ವಲ್ಲ ಅತ್ತೆ!"

ದಿನದ ಕೆಲಸದ ಹಂತಗಳನ್ನು ಬರೆದ ಹಾಳೆ ನನ್ನ ಕಣ್ಣೆದುರೇ ಗೋಡೆಯ ಮೇಲಿತ್ತು. ಅತ್ತೆಯ ಕೈಬರಹ, ಹದಿನೇಳು ಹಂತ, ಕಿಟಕಿ ತೆರೆಯುವುದೂ ಒಂದು ಹಂತ. ಈ ವಿಷಯ ಮಾತ್ರ ಇರಲಿಲ್ಲ.

ಪೆನ್ಸಿಲ್ ಈ ಸಲ ಬಹಳ ಹೊತ್ತು ಗೀಚಿತು.

"'ಇಲ್ಲ. ಬೇಕಂತಲೇ ಬರೀಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ...'" ಮಾವ ನಿಲ್ಲಿಸಿದರು. "ಏನೇ, ಇದನ್ನ ಓದ್ಲಾ?" ಎಂದು ಕೇಳಿದ್ದು ನನ್ನನ್ನಲ್ಲ. ಮತ್ತೆ ದನಿ ತಗ್ಗಿಸಿ ಓದಿದರು. "'ನಾನೂ ಇದೇ ತಪ್ಪು ಮಾಡಿದ್ದೆ. ನಾಲ್ಕು ಚಿತ್ರ ಬರೀ ಕತ್ತಲು. ಕ್ಯಾಮೆರಾನೇ ಕೈಕೊಡ್ತು ಅಂದುಬಿಟ್ಟೆ, ಎಲ್ಲರೂ ನಂಬಿದ್ರು. ಹಾಳೇಲಿ ಬರೆದಿದ್ರೆ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ರು.'"

ಮಾವ ಅತ್ತೆಗೆ ಹೇಳುವುದು ಕೇಳಿಸಿತು: "ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ ನೀನು. ಹಲ್ಲುನೋವು ಅಂದಿದ್ದೆ."

ನನಗೆ ಬಂದ ಸಿಟ್ಟಿಗೆ ಕಿವಿ ಬಿಸಿಯಾಯಿತು. "ಹೊತ್ತಿಲ್ಲ ಮಾವ, ಇಡ್ತೀನಿ," ಎಂದು ಫೋನ್ ಇಟ್ಟೆ.

ಸಾಲನ್ನು ಮತ್ತೆ ಟೈಪ್ ಮಾಡಿದೆ. ಲೆಕ್ಕ ನಡೆಸಿ ಈ ಸಲ ಕೊನೆಯ ಪುಟವನ್ನೇ ಮೊದಲು ನೋಡಿದೆ. ಸರಿಯಾಗಿತ್ತು. ಹನ್ನೊಂದು ಇಪ್ಪತ್ತೈದು. ಫಾರಂ ತೆಗೆದುಕೊಂಡೆ. 'ಕಾರಣ' ಎಂಬಲ್ಲಿ 'ಗಡಿಯಾರದ ಹೊಸ ಫೈಲ್ ಬಂದ ಕಾರಣ' ಎಂದು ಬರೆದರೂ ಪೂರ್ತಿ ಸುಳ್ಳೇನಲ್ಲ, ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಅತ್ತೆಯ ಮಾತೂ ಉಳಿಯುತ್ತಿತ್ತು, ನನ್ನ ಕುರ್ಚಿಯೂ. ಪೆನ್ನು ಅಲ್ಲಿಯವರೆಗೆ ಹೋಗಿತ್ತು ಕೂಡ. ಆದರೆ ಊಟ ಬಿಟ್ಟ ಆ ಒಂದು ವಾರ ಮನಸ್ಸಿಗೆ ಬಂತು. 'ಫೈಲ್ ತೆಗೆದ ಮೇಲೆ ಕ್ಯಾಮೆರಾ ಸಾಲನ್ನು ಮತ್ತೆ ಕೊಡಲಿಲ್ಲ. ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದೆ. ಅತ್ತೆಯ ವಿಷಯ ಎತ್ತಲಿಲ್ಲ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ರವಾನೆ ಮೇಜಿನಲ್ಲಿ ಫೈಲ್ ಬದಲಾಯಿತು.

ಹನ್ನೆರಡೂವರೆಗೆ ಮುಖ್ಯಸ್ಥರು ಕರೆದರು. ಒಳಗೆ ಹೋದರೆ ಮಾವ! ಮನೆಯ ಚಪ್ಪಲಿ, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಮುಖ್ಯಸ್ಥರ ಒಂದು ಕೈಯಲ್ಲಿ ನನ್ನ ಫಾರಂ, ಇನ್ನೊಂದರಲ್ಲಿ ಅತ್ತೆಯ ಪುಸ್ತಕದಿಂದ ಹರಿದ ಹಾಳೆ.

"ಇಲ್ಲಿ ನೀವು ತಪ್ಪು ನಂದು ಅಂತೀರ. ಇಲ್ಲಿ ನಿಮ್ಮತ್ತೆ ನಂದು ಅಂತಾರೆ, ಹನ್ನೊಂದು ವರ್ಷದ ಬಡ್ಡಿ ಸಮೇತ," ಎಂದರು. "ಅತ್ತೆ ಸೊಸೆ ಜಗಳ ಉಲ್ಟಾ ಇರುತ್ತೆ ಅಂದ್ಕೊಂಡಿದ್ದೆ."

"ನಾನು ಬರೀ ಅಂಚೆಯವನು ಸರ್," ಎಂದರು ಮಾವ.

ಮುಖ್ಯಸ್ಥರು ನಗಲಿಲ್ಲ. ಎರಡು ಕಾಗದವನ್ನೂ ಒಂದೇ ಪಿನ್ನಿಗೆ ಚುಚ್ಚಿದರು. "ಒಂದು ತಿಂಗಳು ನೀವು ಒಬ್ಬರೇ ಕೂರೋದು ಬೇಡ. ಅವರು ವಾಪಸ್ ಬಂದ್ಮೇಲೆ ಅವರಿಗೂ ಅದೇ. ಒಬ್ಬರ ಲೆಕ್ಕ ಇನ್ನೊಬ್ಬರು ನೋಡಿ." ನಾನು ಬಾಗಿಲು ತಲುಪಿದಾಗ, "ಅವರ ಮಾತು ನಂಬಿದ್ದು ತಪ್ಪಾಗಲಿಲ್ಲ ಬಿಡಿ," ಎಂದರು, ಬೇರೇನೋ ಓದುತ್ತಾ.

ಸಂಜೆ ಮನೆಗೆ ಹೋದಾಗ ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿದರು. ಕೂತೆ. ಅವರು ಬರೆದರು: 'ಸಿಟ್ಟು ಬಂತಾ?'

ನನ್ನ ಗಂಟಲಿಗೇನೂ ಆಗಿರಲಿಲ್ಲ. ಆದರೂ ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೇ ಬರೆದೆ: 'ಬಂತು. ಹನ್ನೊಂದೂವರೆ ತನಕ ಇತ್ತು.'

ಅತ್ತೆ ಓದಿದರು. ಅವರ ಭುಜ ಕುಲುಕತೊಡಗಿತು. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರು ನಗೆಯದೊಂದೇ ಆಗಿರಲಿಲ್ಲ. ನಾನು ಅವರ ಬೆನ್ನು ಸವರುತ್ತಾ ಕೂತೆ.

"ಏನದು ಇಬ್ಬರದ್ದೂ ಗುಟ್ಟು?" ಪಕ್ಕದ ಕೋಣೆಯಿಂದ ಮಾವ ಕೂಗಿದರು. "ಯಾರಾದ್ರೂ ಜೋರಾಗಿ ಓದ್ರಪ್ಪ!"